ಅಪ್ಪನಿಗೆ ಹೇಳದೆ ಉಳಿಸಿಕೊಂಡ ಏಳನೆಯ ಮಾತು

ಬರೆಯುವ ಅಭ್ಯಾಸ ನನಗೆ ಹೆಚ್ಚಿಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗಳು. ಹಾಗಾಗಿ ನಾನು ಬರೆದ ಪ್ರತಿಯೊಂದು ವಾಕ್ಯವನ್ನೂ ಯಾರೋ ಕೆಂಪು ಶಾಯಿಯಲ್ಲಿ ತಿದ್ದಲು ಕಾದಿದ್ದಾರೆ ಎಂಬ ಅಳುಕು ಇಂದಿಗೂ ಹೋಗಿಲ್ಲ. ಕಾಯಿಲೆಯ ವಿಷಯ ಹೇಳುವಾಗ ಪದಗಳು ತಪ್ಪಿದ್ದರೆ, ಘಟನೆಗಳ ಕಾಲ ಸ್ವಲ್ಪ ಹಿಂದುಮುಂದಾಗಿದ್ದರೆ, ಓದುವವರು ದಯವಿಟ್ಟು ಮನ್ನಿಸಬೇಕು. ಇದೇ ವಿಷಯವನ್ನು ಹಿಂದೊಮ್ಮೆ ನಮ್ಮ ಅಪ್ಪನಿಗೆ ಹೇಳುವಾಗ ನಾನು ಒಂದು ಮಾತನ್ನು ಬಿಟ್ಟು ಹೇಳಿದೆ. ಈಗ ಏನನ್ನೂ ಬಿಡದೆ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮದು ಅರಕಲಗೂಡು ತಾಲ್ಲೂಕಿನಲ್ಲಿ ಮಲ್ಲಿಪಟ್ಟಣದಿಂದ ಎರಡು ಮೈಲಿ ಒಳಗಿರುವ ಹಳ್ಳಿ. ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದೆವು, ಹೊಗೆಸೊಪ್ಪೂ ಇತ್ತು. ಅಪ್ಪ ಮತ್ತು ಅವರ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಒಂದೇ ಅಂಗಳದ ಎರಡು ಮನೆಗಳಲ್ಲಿ ಇದ್ದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ಊರಿನಲ್ಲಿ ಅವರಿಗೆ ಒಂದು ವಿಶೇಷವಾದ ಗೌರವವಿತ್ತು. ಯುಗಾದಿಯ ಮರುದಿನ ಹೊಸತೊಡಕಿಗೆ ಹತ್ತು ಹದಿನೈದು ಮನೆಯವರು ಸೇರಿ ಕುರಿ ಕೊಯ್ಯಿಸಿ ಗುಡ್ಡೆ ಹಾಕಿಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ. ತಕ್ಕಡಿ ಇರುವುದಿಲ್ಲ. ಬಾಳೆಎಲೆಯ ಮೇಲೆ ಮಾಂಸವನ್ನು ಕಣ್ಣಳತೆಯಲ್ಲೇ ಸಮನಾಗಿ ಗುಡ್ಡೆ ಮಾಡಬೇಕು. ಪ್ರತಿ ಗುಡ್ಡೆಗೂ ಈಲಿ ಅಂದರೆ ಲಿವರ್ ಒಂದಿಷ್ಟು, ಬೋಟಿ ಅಂದರೆ ಕರುಳು ಒಂದಿಷ್ಟು, ಒಂದು ಮೂಳೆ ಬರಬೇಕು. ಆ ಕೆಲಸ ಅಪ್ಪನದು. ಅವರು ಹಾಕಿದ ಗುಡ್ಡೆಯ ಬಗ್ಗೆ ಯಾರೂ ತಕರಾರು ತೆಗೆದದ್ದು ನನಗೆ ನೆನಪಿಲ್ಲ.

ನಾನು ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾದೆ. ತಮ್ಮನಿಗೆ ಆಮೇಲೆ ಚನ್ನರಾಯಪಟ್ಟಣದ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಊರಿನಲ್ಲಿ ಯಾರಿಗೆ ಜ್ವರ ಬಂದರೂ, ಯಾವ ಕಾಗದ ಬಂದರೂ, ನನ್ನನ್ನು ಕೇಳುವುದು ರೂಢಿಯಾಯಿತು. ನನಗೆ ಗೊತ್ತಿಲ್ಲ ಎಂದು ಹೇಳುವುದನ್ನು ನಾನು ಕಲಿಯಲೇ ಇಲ್ಲ.

ಆ ದಶಕದ ನಡುವೆ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಹಾಸನದ ಆಸ್ಪತ್ರೆಯಲ್ಲಿ ತಿಳಿಯಿತು. ಅಷ್ಟರಲ್ಲಿ ಅದು ಪಿತ್ತಜನಕಾಂಗಕ್ಕೂ ಹರಡಿತ್ತು. ಆಸ್ಪತ್ರೆಯ ಓಡಾಟಕ್ಕೆ ಅಪ್ಪ ಮತ್ತು ನಾನು. ಒಂದು ಬೆಳಿಗ್ಗೆ ಅಪ್ಪ ಕಾಫಿ ತರಲು ಕೆಳಗೆ ಹೋಗಿದ್ದಾಗ ಡಾಕ್ಟರು ಬಂದು, ರೋಗಿಗೆ ಒಡಹುಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನಮ್ಮ ತಂದೆ ಇದ್ದಾರೆ, ಐವತ್ತು ದಾಟಿದೆ ಎಂದೆ. ಅವರು ನಿಂತುಕೊಂಡೇ ನಿಧಾನವಾಗಿ ವಿವರಿಸಿದರು. ನಾನು ಶಾಲೆಯ ದಿನಚರಿ ಪುಸ್ತಕದಲ್ಲಿ ಸಂಖ್ಯೆ ಹಾಕಿ ಬರೆದುಕೊಂಡೆ.

ಬೀಡಿ ಬಿಡಬೇಕು. ಸಾರಾಯಿ ಬಿಡಬೇಕು. ಕುರಿ ಮಾಂಸ ಅಪರೂಪಕ್ಕೆ, ಸ್ವಲ್ಪ ಮಾತ್ರ. ಸೊಪ್ಪು, ಕಾಳು, ರಾಗಿ, ಹಣ್ಣು ದಿನವೂ ಇರಲಿ. ಪಾಲಿಶ್ ಮಾಡಿದ ಅಕ್ಕಿಯ ಅನ್ನ ಕಡಿಮೆ ಆಗಲಿ. ದಿನಾ ನಡೆಯಬೇಕು, ಹೊಟ್ಟೆ ಬೆಳೆಯಲು ಬಿಡಬಾರದು. ಇಲ್ಲಿಗೆ ಆರಾಯಿತು. ಏಳನೆಯದನ್ನು ಹೇಳುವಾಗ ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ನನ್ನ ಮುಖ ನೋಡಿದರು. ‘‘ಇಷ್ಟೆಲ್ಲ ಮಾಡಿದರೆ ಅಪಾಯ ಕಡಿಮೆಯಾಗಬಹುದು ಅಷ್ಟೇ ಮೇಡಂ, ಬರೋದೇ ಇಲ್ಲ ಅಂತ ಖಾತ್ರಿ ಕೊಡೋಕಾಗಲ್ಲ. ಅಣ್ಣನಿಗೆ ಬಂದಿದೆ ಅಂದ ಮೇಲೆ ತಮ್ಮನಿಗೂ ಒಂದು ಸಲ ಪರೀಕ್ಷೆ ಆಗಲೇಬೇಕು. ಮೈಸೂರಲ್ಲಿ ಮಾಡ್ತಾರೆ. ಹಿಂದಿನಿಂದ ಕೊಳವೆ ಬಿಟ್ಟು ಕರುಳೆಲ್ಲ ನೋಡ್ತಾರೆ. ರಕ್ತ ಏನಾದರೂ ಹೋದರಂತೂ ಒಂದು ದಿನಾನೂ ಕಾಯಬೇಡಿ.’’ ಅದನ್ನೂ ಬರೆದುಕೊಂಡೆ. ಬರೆಯುವಾಗಲೇ ಕಿವಿ ಬಿಸಿಯಾಗಿತ್ತು.

ನಮ್ಮ ಕಡೆ ಚೊಂಬು ಹಿಡಿದು ಬಯಲಿಗೆ ಹೊರಟವರನ್ನು ಮಾತನಾಡಿಸುವುದಿಲ್ಲ. ಎದುರಿಗೆ ಸ್ವಂತ ಅಣ್ಣನೇ ಬಂದರೂ ಬೇರೆ ಕಡೆ ನೋಡುತ್ತಾ ದಾಟಿ ಹೋಗಬೇಕು. ಕಾಲುನೋವು, ಕೆಮ್ಮು, ಹಲ್ಲುನೋವು ಇವೆಲ್ಲ ಜಗಲಿಯ ಮಾತುಗಳು. ಆ ಒಂದು ವಿಷಯ ಮಾತ್ರ ಗಂಡ ಹೆಂಡತಿಯ ನಡುವೆಯೂ ಸಲೀಸಾಗಿ ಬರುವುದಿಲ್ಲ. ಹಾಗಿರುವಾಗ ಮಗಳೊಬ್ಬಳು ಅಪ್ಪನ ಎದುರು ನಿಂತು ‘ಹಿಂದಿನಿಂದ ಕೊಳವೆ’ ಎಂದು ಹೇಳುವುದು ಹೇಗೆ?

ಅಪ್ಪ ಎರಡು ಲೋಟ ಕಾಫಿ ಹಿಡಿದು ಬಂದರು. ‘‘ಏನಂದ್ರವ್ವ ಡಾಕ್ಟ್ರು?’’ ಎಂದರು.

ನಾನು ದಿನಚರಿ ನೋಡಿಕೊಂಡು ಓದಿದೆ. ಆರನೆಯದಕ್ಕೆ ನಿಲ್ಲಿಸಿದೆ.

‘‘ಇಷ್ಟೇಯಾ?’’

‘‘ಇಷ್ಟೇ ಅಪ್ಪ.’’

‘‘ಇಷ್ಟು ಮಾಡುದ್ರೆ ನಂಗೆ ಬರಾಕಿಲ್ವಾ?’’

‘‘ಬರಲ್ಲ,’’ ಎಂದೆ.

ಆ ಉತ್ತರ ಅಷ್ಟು ಸುಲಭವಾಗಿ ಬಾಯಿಂದ ಬಂದದ್ದು ಏಕೆ ಎಂದು ನಾನು ಹಲವು ವರ್ಷ ಯೋಚಿಸಿದ್ದೇನೆ. ಮಂಚದ ಮೇಲೆ ದೊಡ್ಡಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಅಪ್ಪನಿಗೆ ಧೈರ್ಯ ಬೇಕಾಗಿತ್ತು. ಆದರೆ ಅದೊಂದೇ ಕಾರಣ ಎಂದು ಬರೆದರೆ ಸುಳ್ಳಾಗುತ್ತದೆ. ‘ಬರಬಹುದು, ಬಾರದಿರಬಹುದು’ ಎಂದು ಹೇಳುವವಳಿಗಿಂತ ‘ಬರಲ್ಲ’ ಎಂದು ಹೇಳುವವಳು ಹೆಚ್ಚು ಓದಿದವಳಂತೆ ಕಾಣುತ್ತಾಳೆ ಎಂಬ ಆಸೆಯೂ ನನ್ನಲ್ಲಿ ಇತ್ತು.

ಏಳನೆಯದನ್ನು ತಮ್ಮನಿಂದ ಹೇಳಿಸಬಹುದೆಂದು ಯೋಚಿಸಿ, ದೊಡ್ಡಪ್ಪನ ತಿಥಿಗೆ ಅವನು ಬಂದಾಗ ಹಿತ್ತಲಿಗೆ ಕರೆದು ವಿಷಯ ತಿಳಿಸಿದೆ. ಅವನು ಬೇಲಿಯ ಕಡೆ ನೋಡುತ್ತಾ, ‘‘ನೀನೇ ಯೋಳಕ್ಕ. ನಾನು ಯೋಳುದ್ರೆ ಕೆನ್ನೆಗೆ ಬಾರಿಸ್ತಾನೆ. ನಿನ್ನ ಮಾತಾದ್ರೆ ಕೇಳ್ತಾನೆ,’’ ಎಂದ. ನಾನು ಹೇಳಲಿಲ್ಲ. ಅವನೂ ಹೇಳಲಿಲ್ಲ. ಮುಂದಿನ ರಜೆಗೆ ಹೇಳೋಣ ಎಂದುಕೊಂಡೆವು. ಮುಂದಿನ ರಜೆಗಳು ಬಂದು ಹೋದವು.

ಆರು ಮಾತುಗಳನ್ನು ಮಾತ್ರ ಅಪ್ಪ ವ್ರತದಂತೆ ಹಿಡಿದರು. ಬೀಡಿ ಬಿಡುವುದು ಬಹಳ ಕಷ್ಟವಾಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಇಡೀ ದಿನ ಆ ವಾಸನೆಯಲ್ಲೇ ಕುಳಿತು, ಬೀಡಿ ಸೇದದೆ ಇರಬೇಕಾಗಿತ್ತು. ಒಂದು ತಿಂಗಳು ಅವ್ವನ ಮೇಲೆ, ದನಗಳ ಮೇಲೆ ರೇಗಾಡಿದರು, ಆಮೇಲೆ ಬಿಟ್ಟೇಬಿಟ್ಟರು. ನಾಲೆ ನೀರು ಬಂದ ಮೇಲೆ ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನ ಮಾಡುವುದು ಶುರುವಾಗಿತ್ತು. ಅದು ಊರಿನ ಕಣ್ಣಿಗೆ ಏಳಿಗೆಯ ಗುರುತು. ಅಪ್ಪ ಮತ್ತೆ ಮುದ್ದೆಗೆ ಬಂದರು, ಅವ್ವ ಹೊಲದ ಬದುವಿನಿಂದ ಅಣ್ಣೆ ಸೊಪ್ಪು, ಕಿರಕಸಾಲೆ ತಂದು ಬೆರಕೆ ಸೊಪ್ಪಿನ ಸಾರು ಮಾಡತೊಡಗಿದರು. ತಮ್ಮ ಕೊಡಿಸಿದ್ದ ಮೊಪೆಡ್ಡನ್ನು ಗೋಣಿಚೀಲ ಹೊದಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಡೈರಿಗೆ ಹಾಲು ಹಾಕಲು ಮಲ್ಲಿಪಟ್ಟಣಕ್ಕೆ ದಿನವೂ ನಡೆದೇ ಹೋಗಿ ಬಂದರು.

ಮರುವರ್ಷದ ಹೊಸತೊಡಕಿಗೆ ನಾನು ಊರಿನಲ್ಲಿದ್ದೆ. ಅಪ್ಪ ಎಂದಿನಂತೆ ಮಂಡಿಯೂರಿ ಕುಳಿತು ಗುಡ್ಡೆ ಹಾಕಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಹನ್ನೆರಡು ಮನೆಗೆ ಹನ್ನೊಂದೇ ಗುಡ್ಡೆ. ಪಕ್ಕದ ಮನೆಯವರು, ಅಪ್ಪನಿಗೆ ಬಾಲ್ಯದಿಂದಲೂ ಜೊತೆಯವರು, ಎಣಿಸಿ ನೋಡಿ ತಲೆ ಎತ್ತಿದರು.

‘‘ಯಾಕ್ಲಾ, ನಿಂದೆಲ್ಲಿ?’’

‘‘ನಂಗೆ ಬ್ಯಾಡ ಕಣ್ಲಾ. ಎತ್ಕಳಿ.’’

‘‘ಮಗ್ಳು ಮೇಡಮ್ಮಾದ್ಲು ಅಂತ ನೀನು ಮಠ ಸೇರ್ಕಂಡ್ಯಾ? ನಾಳಿಂದ ನಿಂಗೆ ಅಡ್ಡ ಬೀಳ್ಬೇಕೇನ್ಲಾ ನಾವು?’’

‘‘ಬೀಳ್ಲಾ, ಯಾರು ಬ್ಯಾಡ ಅಂದೋರು. ಮೊದ್ಲು ಕೈ ತೊಳ್ಕೊಂಡ್ ಬಾ, ಬೋಟಿ ವಾಸ್ನೆ ಒಡೀತಾ ಅದೆ.’’

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಮನೆಗೆ ಬರುವಾಗ ದಾರಿಯಲ್ಲಿ, ‘‘ಪಟ್ಟೀಲಿ ಅಪರೂಪಕ್ಕೆ ಅಂತ ಇತ್ತಲ್ಲ ಅಪ್ಪ, ವರ್ಷಕ್ಕೊಂದು ದಿನ ತಿಂದರೆ ಏನೂ ಆಗೋದಿಲ್ಲ,’’ ಎಂದೆ. ‘‘ಬುಡವ್ವ, ಅರೆಬರೆ ಮಾಡಿ ಆಮೇಲೆ ಬಂತು ಅಂದ್ರೆ? ಮಾಡುದ್ರೆ ಪೂರ್ತಿ ಮಾಡ್ಬೇಕು,’’ ಎಂದರು. ಹೇಳುವುದಾದರೆ ಆ ದಾರಿಯಲ್ಲೇ ಹೇಳಬಹುದಿತ್ತು, ಬೇರೆ ಯಾರೂ ಇರಲಿಲ್ಲ.

ನಾಲ್ಕೈದು ವರ್ಷ ಕಳೆದವು. ಹೊಸ ಶತಮಾನ ಬಂದಿತು. ಅಪ್ಪ ಗಟ್ಟಿಯಾಗಿದ್ದರು; ಕೆಮ್ಮು ನಿಂತಿತ್ತು, ಏರಿನಲ್ಲಿ ಉಬ್ಬಸ ಬರುತ್ತಿರಲಿಲ್ಲ. ಎಂಟನೆಯ ತರಗತಿಗೆ ಆಹಾರದ ಪಾಠ ಮಾಡುವಾಗ ನಾನು ಅಪ್ಪನ ಉದಾಹರಣೆ ಕೊಡುತ್ತಿದ್ದೆ. ಆಮೇಲೆ ಒಂದು ವರ್ಷ ಅವರು ಇಳಿಯತೊಡಗಿದರು. ಅಂಗಿಯ ಹೆಗಲು ಜೋಲಿತು. ದಸರಾ ರಜೆಗೆ ಹೋದಾಗ ಅಪ್ಪ ಪಂಚೆಯ ಗಂಟನ್ನು ಎರಡು ಸುತ್ತು ಬಿಗಿದುಕೊಳ್ಳುತ್ತಾ, ‘‘ನಿನ್ನ ಪಟ್ಟಿ ಕೆಲ್ಸ ಮಾಡ್ತಾ ಅದೆ ಕಣವ್ವ, ಒಟ್ಟೆ ಎಲ್ಲಾ ಕರಗೋಯ್ತು ನೋಡು,’’ ಎಂದರು.

ನಾನು ಸಂತೋಷಪಟ್ಟೆ. ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ. ‘‘ಈಗ ಸರಿಯಾದ ತೂಕಕ್ಕೆ ಬಂದಿದ್ದೀಯ ಅಪ್ಪ,’’ ಎಂದು ಹೇಳಿ ಹೊಳೆನರಸೀಪುರದ ಬಸ್ಸು ಹತ್ತಿದೆ.

ಅದೇ ಸಮಯದಲ್ಲಿ ನನ್ನ ತಮ್ಮ ಊರಿನ ಮನೆಯ ಹಿಂದೆ ಪಾಯಿಖಾನೆ ಕಟ್ಟಿಸಿದ್ದ. ವಯಸ್ಸಾದವರು ಮಳೆಯಲ್ಲಿ ಹೊಲಕ್ಕೆ ಹೋಗುವುದು ಬೇಡ ಎಂದು ಬಿಳಿಯ ಬೇಸಿನ್ ಹಾಕಿಸಿ, ನೀರಿನ ತೊಟ್ಟಿ ಕಟ್ಟಿಸಿ ಕೊಟ್ಟ. ಅಪ್ಪ ಎರಡು ವಾರ ಅಲ್ಲಿಗೆ ಹೋಗಿ, ಮತ್ತೆ ಹೊಲಕ್ಕೆ ಹೋಗತೊಡಗಿದರು. ಹಳೆಯ ಅಭ್ಯಾಸ ಬಿಡುವುದಿಲ್ಲ ಎಂದು ನಾವು ನಗೆಯಾಡಿದೆವು. ಬಿಳಿಯ ಬೇಸಿನ್ನಿನಲ್ಲಿ ಅವರು ಏನನ್ನು ನೋಡಿದ್ದರು, ಯಾರಿಗೆ ಕಾಣಬಾರದೆಂದು ಹೊಲಕ್ಕೆ ಹೋಗುತ್ತಿದ್ದರು ಎಂಬುದು ನಮಗೆ ಹೊಳೆಯಲಿಲ್ಲ.

ಸಂಕ್ರಾಂತಿಗೆ ಹೋದಾಗ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಮಾತು ತೆಗೆದರು.

‘‘ನಿಮ್ಮಪ್ಪನ ಪಂಚೇಲಿ ಕಲೆ ಆಯ್ತಾ ಅದೆ ಕಣವ್ವ.’’

‘‘ಎಂಥ ಕಲೆ?’’

‘‘ರಕ್ತದ್ದು. ಉಷ್ಣ ಇರ್ಬೇಕು ಅಂತ ಮೆಂತ್ಯ ನೆನಸಿ ಕೊಡ್ತಾ ಇವ್ನಿ. ಒಂದಪ ಕಮ್ಮಿ ಆಯ್ತದೆ, ಮತ್ತೆ ಬತ್ತದೆ.’’

‘‘ಎಷ್ಟು ದಿನದಿಂದ?’’

‘‘ಆಸಾಡದಿಂದ. ನಿಂಗೆ ಯೋಳ್ಬ್ಯಾಡ ಅಂತ ಆಣೆ ಆಕ್ಸ್ಕಂಡವ್ನೆ.’’

ನಾನು ಜಗಲಿಗೆ ಬಂದೆ. ಅಪ್ಪ ಗೋಡೆಗೆ ಒರಗಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಾನು ಅವ್ವನಿಂದ ಕೇಳಿದ್ದನ್ನು ಸುತ್ತಿ ಬಳಸಿ ಹೇಳಲು ಹೊರಟೆ; ಮಾತು ಎಲ್ಲೆಲ್ಲೋ ಹೋಯಿತು. ಅಪ್ಪನಿಗೆ ಅರ್ಥವಾಯಿತು. ಹಗ್ಗವನ್ನು ಪಕ್ಕಕ್ಕಿಟ್ಟರು.

‘‘ಯಾಕಪ್ಪ ಹೇಳಲಿಲ್ಲ?’’

‘‘ಏನಂತ ಯೋಳ್ಲವ್ವ. ನೀನು ಯೋಳ್ದಂಗೆ ಎಲ್ಲಾ ಮಾಡಿವ್ನಿ. ಬೀಡಿ ಬುಟ್ಟೆ, ಕುಡಿಯಾದು ಬುಟ್ಟೆ, ಗುಡ್ಡೆ ಬುಟ್ಟೆ. ಅದಾದ್ಮೇಲೂ ಬಂತು ಅಂದ್ರೆ ಊರೋರು ನಿನ್ನ ಓದ್ನ ಆಡ್ಕಳಾಕಿಲ್ವಾ? ಅಲ್ದೆ, ನೀನು ಬರಾಕಿಲ್ಲ ಅಂದಿದ್ದೆ. ಅದಕ್ಕೆ ಇದು ಬ್ಯಾರೆ ಏನೋ ಉಷ್ಣ ಅನ್ಕಂಡೆ.’’

ಮರುದಿನವೇ ಹಾಸನಕ್ಕೆ ಹೋದೆವು, ಅಲ್ಲಿಂದ ಮೈಸೂರಿಗೆ. ಕೊಳವೆಯ ಪರೀಕ್ಷೆ ಆಯಿತು. ನಾನು ವರ್ಷಗಟ್ಟಲೆ ಹೇಳಲು ನಾಚಿದ್ದ ಆ ಪರೀಕ್ಷೆ ಒಂದು ಗಂಟೆಯೊಳಗೆ ಮುಗಿದುಹೋಯಿತು. ಅಪ್ಪ ಹೊರಗೆ ಬಂದು, ಹಸಿವಾಗಿದೆ, ಇಡ್ಲಿ ಸಿಗುತ್ತದೆಯೇ ಎಂದು ಕೇಳಿದರು. ಕರುಳಿನ ಎಡಭಾಗದಲ್ಲಿ ಗಡ್ಡೆ ಇತ್ತು. ಅದು ಅಲ್ಲಿಗೇ ನಿಂತಿರಲಿಲ್ಲ. ಹಿಂದೆ ದೊಡ್ಡಪ್ಪನನ್ನು ನೋಡಿದ್ದ ಡಾಕ್ಟರನ್ನು ಹಾಸನದಲ್ಲಿ ಮತ್ತೆ ಕಂಡು, ಅಪ್ಪ ಎಲ್ಲವನ್ನೂ ಪಾಲಿಸಿದ್ದರು, ಆದರೂ ಏಕೆ ಹೀಗಾಯಿತು ಎಂದು ಕೇಳಿದೆ. ಅವರು ವರದಿಯನ್ನು ಮಡಚಿ ಕೊಟ್ಟರು. ‘‘ಅವರು ಮಾಡಿದ್ದು ಯಾವುದೂ ತಪ್ಪಲ್ಲ, ಯಾವುದೂ ದಂಡವಲ್ಲ. ಶಸ್ತ್ರಕ್ರಿಯೆ ತಡೆದುಕೊಳ್ಳುವಷ್ಟು ಹೃದಯ, ಶ್ವಾಸಕೋಶ ಚೆನ್ನಾಗಿವೆ. ಆದರೆ ಆ ಪರೀಕ್ಷೆ ಆಗ ಮಾಡಿಸಬೇಕಿತ್ತು ಮೇಡಂ. ನಾನು ಹೇಳಿದ್ದೆ ಅಂತ ನೆನಪು.’’

‘‘ಹೇಳಿದ್ದಿರಿ ಸಾರ್,’’ ಎಂದೆ.

ಶಸ್ತ್ರಕ್ರಿಯೆಯ ಹಿಂದಿನ ಮಧ್ಯಾಹ್ನ ಅಪ್ಪನ ಮಂಚದ ಪಕ್ಕ ಕುಳಿತಿದ್ದೆ. ಅವ್ವ ಬಟ್ಟೆ ಒಗೆಯಲು ಹೋಗಿದ್ದರು. ಅಪ್ಪನಿಗೆ ಏನೂ ತಿನ್ನಬಾರದೆಂದು ಹೇಳಿದ್ದರಿಂದ ಅವರು ಕಿಟಕಿಯ ಆಚೆ ಯಾರೋ ಸೀಬೆಹಣ್ಣು ಮಾರುವುದನ್ನು ನೋಡುತ್ತಿದ್ದರು. ನಾನು ಹೇಳಿದೆ. ಆ ದಿನ ನೀನು ಕಾಫಿ ತರಲು ಹೋಗಿದ್ದಾಗ ಡಾಕ್ಟರು ಹೇಳಿದ್ದು ಆರಲ್ಲ, ಏಳು. ಈ ಪರೀಕ್ಷೆಯನ್ನು ಆಗಲೇ ಮಾಡಿಸಿ ಎಂದಿದ್ದರು. ನಾಚಿಕೆಯಿಂದ ನಾನು ನಿನಗೆ ಹೇಳಲಿಲ್ಲ. ಬರುವುದೇ ಇಲ್ಲ ಎಂದು ಅವರು ಹೇಳಿರಲಿಲ್ಲ, ಅದನ್ನು ನಾನೇ ಸೇರಿಸಿದೆ.

ಅಪ್ಪ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸೀಬೆಹಣ್ಣಿನವನು ಗಾಡಿ ತಳ್ಳಿಕೊಂಡು ಗೇಟಿನ ಆಚೆ ಹೋಗುವವರೆಗೂ ನೋಡಿದರು.

‘‘ತಮ್ಮಂಗೆ ಗೊತ್ತಿತ್ತಾ?’’ ಎಂದರು.

‘‘ಗೊತ್ತಿತ್ತು.’’

‘‘ಊಂ.’’

ಹೊದಿಕೆಯನ್ನು ಮಂಡಿಯ ಮೇಲಕ್ಕೆ ಎಳೆದುಕೊಂಡರು. ‘‘ನೀನು ಯೋಳಿದ್ರೂ ನಾನು ಓಯ್ತಿರ್ಲಿಲ್ಲ ಬುಡು,’’ ಎಂದರು ಕೊನೆಗೆ. ‘‘ಆಗ ನಂಗೇನಾಗಿತ್ತು, ಕಲ್ಲಿದ್ದಂಗಿದ್ದೆ. ಅದ್ಯಾವನ್ಲಾ ನಂಗೆ ಕೊಳವೆ ಆಕೋನು ಅಂತ ಬೈಯ್ತಿದ್ದೆ.’’

ಅದು ನಿಜವೋ, ನನ್ನ ಭಾರ ಇಳಿಸಲು ಆಡಿದ ಮಾತೋ ನನಗೆ ತಿಳಿಯದು. ಬೀಡಿ ಬಿಡು ಎಂದಾಗ ಬಿಟ್ಟವರು, ನಡೆ ಎಂದಾಗ ನಡೆದವರು. ಹೋಗು ಎಂದಿದ್ದರೆ ಬೈದುಕೊಂಡಾದರೂ ಹೋಗುತ್ತಿದ್ದರು ಎಂದೇ ನನ್ನ ಮನಸ್ಸು ಹೇಳುತ್ತದೆ. ಆಮೇಲೆ ಅವರು ನನ್ನ ಕಡೆ ತಿರುಗಿ, ಅಲ್ಲಿಯವರೆಗೆ ನನಗೆ ಎಂದೂ ಹೇಳದಿದ್ದ ರೀತಿಯಲ್ಲಿ, ಯಾವಾಗಿನಿಂದ ಏನೇನಾಯಿತು, ಎಷ್ಟು ಸಲ ಹೋಗಬೇಕಾಗುತ್ತಿತ್ತು, ಬಣ್ಣ ಹೇಗಿತ್ತು, ಹೊಟ್ಟೆ ಯಾವ ಕಡೆ ಹಿಂಡುತ್ತಿತ್ತು ಎಂಬುದನ್ನೆಲ್ಲ ಸವಿವರವಾಗಿ ಹೇಳಿದರು. ‘‘ಇದ್ನೆಲ್ಲ ಬರ್ಕೊ. ನಿನ್ನ ತಮ್ಮಂಗೆ ಬಾಯ್ಬುಟ್ಟು ಯೋಳು. ಅವನು ನಾಚ್ಕಂಡ್ರೆ ನಾನು ಯೋಳ್ದೆ ಅನ್ನು.’’

ನಾನು ಬರೆದುಕೊಂಡೆ.

ಶಸ್ತ್ರಕ್ರಿಯೆಯ ನಂತರ ಹೊಟ್ಟೆಯ ಪಕ್ಕದಲ್ಲಿ ಚೀಲ ಕಟ್ಟಿದರು. ಅದನ್ನು ಬದಲಾಯಿಸುವ ಕೆಲಸವನ್ನು ಅವ್ವ ಮೊದಲು ಕಲಿತರು, ಆಮೇಲೆ ನಾನು. ಅಪ್ಪ ಮುಖ ಗೋಡೆಯ ಕಡೆ ಮಾಡಿಕೊಳ್ಳುತ್ತಿದ್ದರು. ಚಿಕಿತ್ಸೆಗೆಂದು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಬಂದು, ಮುಂದಿನ ಯುಗಾದಿಯನ್ನು ಕಂಡರು. ಆ ಸಲದ ಹೊಸತೊಡಕಿಗೆ ಊರಿನವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಕೈ ಹಾಕಲು ಶಕ್ತಿ ಇರಲಿಲ್ಲ, ‘ಅದ್ರಿಂದ ತಗ್ದು ಇದ್ಕಾಕು’ ಎಂದು ಬಾಯಲ್ಲೇ ಹೇಳಿ ಗುಡ್ಡೆ ಮಾಡಿಸಿದರು. ಶ್ರಾವಣದಲ್ಲಿ ತೀರಿಕೊಂಡರು. ಪಕ್ಕದ ಮನೆಯವರು ಮೂರು ದಿನ ನಮ್ಮ ಜಗಲಿಯನ್ನು ಬಿಟ್ಟು ಏಳಲಿಲ್ಲ. ಎದ್ದು ಹೋಗುವಾಗ, ‘‘ನಂಗೂ ಒಂದಪ ರಕ್ತ ಓಗಿತ್ತು ಕಣವ್ವ, ಯಾರ್ನ ಕಾಣ್ಬೇಕು?’’ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವರದು ಬರಿಯ ಮೂಲವ್ಯಾಧಿ ಎಂದು ಆಮೇಲೆ ತಿಳಿಯಿತು.

ಅನಂತರ ನಮ್ಮ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು. ಅಪ್ಪ ತೀರಿಕೊಂಡ ವರ್ಷವೇ ತಮ್ಮ ಮತ್ತು ನಾನು ಒಂದೇ ದಿನ ಪರೀಕ್ಷೆ ಮಾಡಿಸಿಕೊಂಡೆವು. ನನ್ನಲ್ಲಿ ಏನೂ ಇರಲಿಲ್ಲ. ತಮ್ಮನ ಕರುಳಿನಲ್ಲಿ ಎರಡು ಸಣ್ಣ ಗಂಟುಗಳಿದ್ದವು. ಅಲ್ಲೇ ತೆಗೆದುಹಾಕಿದರು, ಅವು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಡಾಕ್ಟರು ಹೇಳಿದ ಅವಧಿಗೆ ಸರಿಯಾಗಿ ಅವನು ಮತ್ತೆ ಮತ್ತೆ ಹೋಗಿ ಬರುತ್ತಿದ್ದಾನೆ. ಅವನು ಸಿಗರೇಟು ಬಿಟ್ಟಿದ್ದಾನೆ. ದೊಡ್ಡಪ್ಪನ ಇಬ್ಬರು ಮಕ್ಕಳಲ್ಲಿ ಕಿರಿಯವನು ಪರೀಕ್ಷೆಗೆ ಬಂದ. ಹಿರಿಯವನು ಎಷ್ಟು ಹೇಳಿದರೂ ಬಂದಿಲ್ಲ. ಹೊಗೆಸೊಪ್ಪಿನ ಬೆಳೆಯನ್ನು ನಿಲ್ಲಿಸಿದೆವು. ಅವ್ವ ಈಗ ಚನ್ನರಾಯಪಟ್ಟಣದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಹೊಟ್ಟೆ ಕೆಟ್ಟರೆ, ಕಟ್ಟಿದರೆ, ಅವತ್ತೇ ಫೋನು ಮಾಡಿ ಹೇಳುತ್ತಾರೆ.